ಏಳನೆಯ ಗಿಡ

“ಇನ್ನೂ ಎಲ್ಲಿ ಅಡಗಿ ಕೂತಿದೀಯ ನೀನು?”

ಮೂರನೆಯ ಸಾಲಿನ ನಡುವೆ ನಿಂತು ಕಿವಿಯಕ್ಕ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ. ಬೆಳಗಿನ ಹೊತ್ತು, ಗಾಜಿನ ಮನೆಯೊಳಗೆ ಅವಳೊಬ್ಬಳೇ ಇದ್ದಳು. ಅವಳು, ಮತ್ತು ದಾರ ಹಿಡಿದು ಮೇಲಿನ ತಂತಿಯವರೆಗೆ ಹತ್ತಿ ನಿಂತಿದ್ದ ನಾನೂರ ಎಂಬತ್ತು ಟೊಮೇಟೊ ಗಿಡ. ತನ್ನ ದನಿಗೆ ತಾನೇ ಬೆಚ್ಚಿದಳು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎನ್ನುವ ಹೆಂಗಸು ಅವಳು. ಚಿಕ್ಕಂದಿನಲ್ಲಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಅಪ್ಪ ಹೇಳುವ ಪದ್ಯಗಳನ್ನು ಗಂಟೆಗಟ್ಟಲೆ ಕೇಳುತ್ತ ಕೂರುತ್ತಿದ್ದಳು. ‘ಇವಳಿಗೆ ಬಾಯಿಲ್ಲ, ಬರೀ ಕಿವಿ’ ಅಂತ ಅಪ್ಪ ಇಟ್ಟ ಹೆಸರು ನಲವತ್ತು ದಾಟಿದರೂ ಬಿಟ್ಟಿರಲಿಲ್ಲ. ಮನೆಯಲ್ಲಿ ಕಿವಿ, ಕೆಲಸದವರಿಗೆ ಕಿವಿಯಕ್ಕ.

ಅವಳ ಮುಂದಿದ್ದ ಗಿಡದಲ್ಲಿ ಒಂದು ಎಲೆ ಅರ್ಧ ಬೆಂದಿತ್ತು. ನಡುನರದ ಈಚೆ ಬದಿ ಹಸಿರಾಗಿ, ತಣ್ಣಗೆ, ಏನೂ ನಡೆದೇ ಇಲ್ಲವೆಂಬಂತಿತ್ತು. ಆಚೆ ಬದಿ ಬೆಂಕಿ ಮುಟ್ಟಿಸಿದ ಕಾಗದದ ಹಾಗೆ ಅಂಚಿನಿಂದ ಸುರುಟಿಕೊಂಡಿತ್ತು. ಎಲೆಯ ತೊಟ್ಟನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದಳು. ಒಳಗೆ ಕಂದು ಗೆರೆ. ಅನುಮಾನವೇ ಬೇಡ. ಇನ್ನು ಹದಿನೈದು ದಿನಕ್ಕೆ ಕಾಯಿಗಳ ಮೇಲೆ ಬಿಳಿ ಬಳೆ, ಬಳೆಯ ನಡುವೆ ಕಂದು ಚುಕ್ಕೆ. ಹಕ್ಕಿಯ ಕಣ್ಣಿನ ಹಾಗೆ. ಗಿಡದ ತುಂಬ ರೆಪ್ಪೆಯಿಲ್ಲದ ಕಣ್ಣುಗಳು.

ರೋಗ ಬಂದು ಇದು ಆರನೆಯ ವರ್ಷ. ಅಷ್ಟರಲ್ಲಿ ಮಾಡದೆ ಬಿಟ್ಟ ಕೆಲಸವಿರಲಿಲ್ಲ. ಮಣ್ಣು ತೆಗೆದು ಹೊಸ ಮಣ್ಣು ತುಂಬಿದ್ದರು. ಬೀಜ ಬದಲಾಯಿಸಿದ್ದರು. ಮರದ ಗೂಟಗಳನ್ನು ಸುಟ್ಟು ಕಬ್ಬಿಣದ್ದು ನೆಡಿಸಿದ್ದರು. ದಾರ ಪ್ರತಿ ವರ್ಷ ಹೊಸದು. ಬಾಗಿಲಲ್ಲಿ ಔಷಧದ ನೀರಿನ ತಟ್ಟೆ, ಅದರಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ಪ್ರತಿ ಸಾಲಿನ ತಲೆಗೆ ಔಷಧದ ಡಬ್ಬಿ, ಚಾಕು ಅದ್ದಿಯೇ ಸಾಲಿಗೆ ಇಳಿಯಬೇಕು. ಆದರೂ ನಾಟಿಯಾದ ಎಂಟನೆಯ ವಾರಕ್ಕೆ ಎಲ್ಲೋ ಒಂದು ಎಲೆ ಅರ್ಧ ಬೇಯುತ್ತಿತ್ತು. ಹಾಕಿದ ಬಾಗಿಲು ಹಾಕಿದ ಹಾಗೇ ಇರುತ್ತಿತ್ತು; ಕೂಗದೆ, ಕದ ತಟ್ಟದೆ, ಅದು ಒಳಗೆ ಬಂದು ಕೂತಿರುತ್ತಿತ್ತು.

ಇವರ ಮನೆಯೊಂದೇ ಅಲ್ಲ. ಆ ರಸ್ತೆಯ ಹನ್ನೆರಡು ಗಾಜಿನ ಮನೆಗಳಲ್ಲೂ ಅದೇ ಕಥೆ. ಈ ಸಲ ತೋಟಗಾರಿಕೆ ಕಚೇರಿಯಿಂದ ಕಾಗದ ಬಂದಿತ್ತು: ತಿಂಗಳು ಮುಗಿಯುವುದರೊಳಗೆ ರೋಗದ ಮೂಲ ಗೊತ್ತಾಗದಿದ್ದರೆ ಹನ್ನೆರಡೂ ಮನೆಯ ಗಿಡ ಕಿತ್ತು ಸುಟ್ಟು, ಮೂರು ವರ್ಷ ಬೀಗ.

“ನಿಮ್ಮಪ್ಪ ಇದ್ದಿದ್ರೆ ಹೀಗಾಗ್ತಿತ್ತಾ?” ಅನ್ನುತ್ತಿದ್ದರು ರಸ್ತೆಯವರು. ಅಪ್ಪ ಇದ್ದಾಗಲೇ ರೋಗ ಶುರುವಾಗಿ ನಾಲ್ಕು ವರ್ಷ ಆಗಿತ್ತು ಎನ್ನುವುದನ್ನು ಯಾರೂ ನೆನೆಯುತ್ತಿರಲಿಲ್ಲ. ನೆನೆಯುತ್ತಿದ್ದುದು ಅವನ ಕೈಗುಣವನ್ನು.

ಟೊಮೇಟೊ ಗಿಡದ ಎಲೆಗೂ ದಂಟಿಗೂ ನಡುವೆ ಕಂಕುಳ ಚಿಗುರು ಏಳುತ್ತದೆ. ವಾರಕ್ಕೊಮ್ಮೆ ಅದನ್ನು ಕತ್ತರಿಸದಿದ್ದರೆ ಗಿಡ ಪೊದೆಯಾಗಿ ಕಾಯಿ ಬಡವಾಗುತ್ತದೆ. ಹಂಗಾಮಿನ ಮೊದಲ ಚಿಗುರನ್ನು ಅಪ್ಪನೇ ಕತ್ತರಿಸಬೇಕು ಎಂದು ಉಳಿದ ಹನ್ನೊಂದು ಮನೆಯವರೂ ಬಂದು ಕರೆಯುತ್ತಿದ್ದರು. ಕೈಗುಣದವರು ಎಂದೇ ಅವನ ಹೆಸರು. ರೋಗ ಬಂದ ಮೇಲಂತೂ ಅವನು ಮನೆಯಿಂದ ಮನೆಗೆ ಓಡಾಡಿದ್ದೇ ಓಡಾಡಿದ್ದು. ಬಾಡಿದ ಗಿಡದ ಮುಂದೆ ಮಗುವಿನ ಹಾಸಿಗೆಯ ಪಕ್ಕ ಕೂತವನಂತೆ ಕೂತಿರುತ್ತಿದ್ದ.

ಕತ್ತರಿಸುವಾಗ ಅಪ್ಪ ಪದ್ಯ ಹೇಳುತ್ತಿದ್ದ. ದೇವರ ಕಥೆಯ ಷಟ್ಪದಿಗಳು, ನೂರಾರು, ಪುಸ್ತಕ ಮುಟ್ಟದೆ. ಪದ್ಯಕ್ಕೆ ಆರು ಪಾದ. ಒಂದು ಗಿಡಕ್ಕೆ ಒಂದು ಪಾದ. ಆರನೆಯದರ ಕೊನೆಗೆ ದೇವರ ಹೆಸರು ಬರುತ್ತಿತ್ತು. ಹೆಸರು ಹೇಳಿ, ಒಂದು ಉಸಿರು ನಿಂತು, ಚಾಕು ಒರೆಸಿಕೊಂಡು, ಮುಂದಿನ ಪದ್ಯಕ್ಕೆ ಹೆಜ್ಜೆಯಿಡುತ್ತಿದ್ದ. ಗಿಡ ಸತ್ತು ಜಾಗ ಖಾಲಿಯಿದ್ದರೆ ಆ ಖಾಲಿಗೂ ಒಂದು ಪಾದ ಹೇಳಿಯೇ ಮುಂದೆ. “ಇಲ್ಲದೋರ ಪಾಲೂ ಇಡ್ಬೇಕು, ಕಿವಿ,” ಅನ್ನುತ್ತಿದ್ದ.

ಅವನು ಹೋಗಿ ಎರಡು ವರ್ಷ. ಚಾಕು ಮಗಳ ಕೈಗೆ ಬಂತು. ಪದ್ಯಗಳು ಹೇಗೂ ಅವಳ ಕಿವಿಯಲ್ಲಿದ್ದವು. ಮಾತಿಗೆ ಬಾಯಿ ಬಿಡದವಳು ಗಿಡಗಳ ನಡುವೆ ಮಾತ್ರ ಅಪ್ಪನ ದನಿಯಲ್ಲೇ ಪದ್ಯ ಹೇಳುತ್ತ ನಡೆಯುತ್ತಿದ್ದಳು.

*

ಲ್ಯಾಬ್ ಮೇಡಂ ಅಂದು ಹತ್ತು ಗಂಟೆಗೆ ಬಂದರು. ಕಚೇರಿಯ ರೋಗ ಪರೀಕ್ಷೆಯವರು. ಮೋಟು ಕೂದಲು, ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳ ಕಟ್ಟು, ಮಾತು ಮಾತ್ರ ಶಾಲೆಯ ಟೀಚರಿನ ಹಾಗೆ.

“ಬೀಜ ನೋಡಿದೆ, ಸ್ವಚ್ಛ. ಮಣ್ಣು ಸ್ವಚ್ಛ. ನೀರು ಸ್ವಚ್ಛ. ದಾರ ಕೂಡ ನೆನೆಹಾಕಿ ನೋಡಿದೆ. ಇಷ್ಟು ಸ್ವಚ್ಛ ಇದ್ರೇನೇ ನನಗೆ ಭಯ.”

ದಾರ ಕಟ್ಟುತ್ತಿದ್ದ ಮುದುಕಿ, ಎಲ್ಲರ ಪಾಲಿನ ದಾರದಜ್ಜಿ, ಏಣಿಯ ಮೇಲಿಂದಲೇ ತಲೆ ಹಾಕಿದಳು. “ಹಾಗಾದ್ರೆ ಅದು ಬರೋದು ಎಲ್ಲಿಂದ ಮೇಡಂ? ಆಕಾಶದಿಂದಾ?”

“ಅದಕ್ಕೆ ಕಾಲಿಲ್ಲ, ರೆಕ್ಕೆ ಇಲ್ಲ ಅಜ್ಜಿ. ಬ್ಯಾಕ್ಟೀರಿಯಾ ಅಂದ್ರೆ ಕಣ್ಣಿಗೆ ಕಾಣದ ಜೀವ. ಯಾರಾದ್ರೂ ಹೊತ್ತುಕೊಂಡು ಬಂದು ಗಾಯಕ್ಕೆ ಹಚ್ಚಬೇಕು. ಬೆಳೆ ಇದ್ದಾಗ ಬೆಳೆ ಮೇಲೆ ಇರುತ್ತೆ. ಬೆಳೆ ಕಿತ್ತು ಹಾಕಿದ್ರೆ ಸತ್ತ ದಂಟಿನಲ್ಲಿ ಇರುತ್ತೆ. ಇಲ್ಲ ಅಂದ್ರೆ ಪಕ್ಕದ ಕಳೆ ಗಿಡಕ್ಕೆ ಹೋಗಿ ಇದ್ದುಬಿಡುತ್ತೆ. ಅಲ್ಲಿ ಮಾತ್ರ ಏನೂ ಮಾಡಲ್ಲ. ಬಾಡಿಸಲ್ಲ, ಸುಡಲ್ಲ. ಕಳೆ ಹಸಿರಾಗಿ ಬೆಳೀತಾ ಇರುತ್ತೆ, ಇದು ಒಳಗೆ ಸುಮ್ಮನೆ ಕಾಯ್ತಾ ಇರುತ್ತೆ. ನೋಡಿದೋರಿಗೆ ಗೊತ್ತೇ ಆಗಲ್ಲ.”

“ನಮ್ಮ ಯಜಮಾನರೂ ಹಾಗೇ ಇದ್ರು,” ಅಂದಳು ದಾರದಜ್ಜಿ. “ಊರೋರ ಮನೇಲಿ ಎಷ್ಟು ಸಾಧು ಅಂತೀರಿ! ನಮ್ಮ ಹೊಸ್ತಿಲು ದಾಟಿದ್ರೆ ಬೆಂಕಿ.”

ಮೇಡಂ ನಕ್ಕರು. ಕಿವಿಯಕ್ಕ ನಗಲಿಲ್ಲ.

“ನಿಮ್ಮಲ್ಲಿ ಕಳೆ ಇದೆಯಾ?” ಮೇಡಂ ಅವಳ ಕಡೆ ತಿರುಗಿದರು.

“ಇಲ್ಲ ಮೇಡಂ. ಒಂದು ಎಳೆಯೂ ಇಲ್ಲ.”

ಸುಳ್ಳಲ್ಲ. ಗಾಜಿನ ಮನೆಯ ಸುತ್ತ ಇಪ್ಪತ್ತು ಹೆಜ್ಜೆ ಜಲ್ಲಿ ಹಾಸಿ, ವಾರಕ್ಕೊಮ್ಮೆ ಅವಳೇ ಮೊಣಕಾಲೂರಿ ಆರಿಸುತ್ತಿದ್ದಳು. ಮೇಡಂ ತಾವೇ ಒಂದು ಸುತ್ತು ಬಂದು ನೋಡಿ ತಲೆದೂಗಿದರು.

“ಒಂದು ಕೆಲಸ ಮಾಡಿ. ಯಾವ ಸಾಲು, ಎಷ್ಟನೇ ಗಿಡ, ಯಾವತ್ತು ಬಾಡಿದ್ದು, ಎಲ್ಲ ಚೌಕಳಿ ಕಾಗದದ ಮೇಲೆ ಗುರುತು ಹಾಕಿ. ರೋಗ ಸುಮ್ಮನೆ ಹರಡಲ್ಲ. ಬಂದ ದಾರಿಯನ್ನ ತಾನೇ ಬರೆದಿಡುತ್ತೆ. ನಮಗೆ ಓದೋಕೆ ಬರಬೇಕು, ಅಷ್ಟೇ.”

*

ಹತ್ತು ದಿನದಲ್ಲಿ ಕಾಗದದ ಮೇಲೆ ನಲವತ್ತಕ್ಕೂ ಹೆಚ್ಚು ಕೆಂಪು ಚುಕ್ಕೆಗಳಾದವು.

ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕಿವಿಯಕ್ಕ ಮಧ್ಯಾಹ್ನವೆಲ್ಲ ನೋಡುತ್ತ ಕೂತಳು. ಚುಕ್ಕೆಗಳು ಒಂದರ ಪಕ್ಕ ಒಂದು ಇರಲಿಲ್ಲ. ನೀರಿನಿಂದ ಬಂದಿದ್ದರೆ ಪೈಪಿನ ಉದ್ದಕ್ಕೆ ಇರಬೇಕಿತ್ತು. ಗಾಳಿಯಿಂದಾದರೆ ಬಾಗಿಲ ಬಳಿ ಗುಂಪಾಗಿರಬೇಕಿತ್ತು. ಇವು ಎಂಟೂ ಸಾಲಿನಲ್ಲಿ ದೂರ ದೂರ, ಯಾರೋ ಅಳೆದು ಇಟ್ಟಂತೆ ಕೂತಿದ್ದವು.

ಅಮ್ಮ ಹಿಂಬಾಗಿಲಲ್ಲಿ ಕುಂಡಗಳಿಗೆ ನೀರು ಹಾಕಿ ಸೆರಗಿಗೆ ಕೈ ಒರೆಸುತ್ತ ಒಳಗೆ ಬಂದಳು. ಅಪ್ಪ ಹೋದ ಮೇಲೆ ಆ ಹೆಂಗಸಿಗೆ ಲೋಕದ ಮೇಲಿನ ಆಸೆಯೇ ಹಾರಿಹೋಗಿತ್ತು. ಮುಖಮಂಟಪದ ಕುರ್ಚಿಯಲ್ಲಿ ಗಾಜಿನ ಮನೆಯ ಕಡೆ ಮುಖ ಮಾಡಿ ಕೂರುವುದು, ಯಾರಾದರೂ ಬಂದು ‘ಕೈಗುಣದವರ ಮನೆ’ ಅಂದಾಗ ಮಾತ್ರ ತಲೆ ಎತ್ತುವುದು. ಅದಿಷ್ಟೇ ಅವಳ ಬದುಕು.

“ಏನೇ ಅದು, ರಂಗೋಲಿ ಥರ?”

“ಬಾಡಿದ ಗಿಡಗಳಮ್ಮ.”

ಅಮ್ಮ ಬಗ್ಗಿದಳು. ಎರಡನೆಯ ಸಾಲಿನ ತಲೆಯಲ್ಲಿ ಬೆರಳಿಟ್ಟಳು. ಚುಕ್ಕೆಗಳನ್ನು ಎಣಿಸುತ್ತಾಳೆ ಅಂದುಕೊಂಡಳು ಮಗಳು. ಎಣಿಸುತ್ತಿರಲಿಲ್ಲ. ಅವಳ ತುಟಿ ಅಲುಗುತ್ತಿತ್ತು. ಬೆರಳು ಒಂದೊಂದೇ ಚೌಕ ದಾಟಿ ನಡೆಯುತ್ತಿತ್ತು, ಆರು ಚೌಕ, ಆಮೇಲೆ ಒಂದು ಉಸಿರು. ಏಳನೆಯದರ ಮೇಲೆ ಇಟ್ಟಾಗ ಅಲ್ಲಿ ಕೆಂಪು ಚುಕ್ಕೆ. ಮತ್ತೆ ಆರು, ಒಂದು ಉಸಿರು. ಹದಿಮೂರನೆಯದರ ಮೇಲೆ ಕೆಂಪು. ಹತ್ತೊಂಬತ್ತು, ಕೆಂಪು. ಇಪ್ಪತ್ತೈದು, ಕೆಂಪು.

ಬೆರಳು ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಕಿವಿಯಕ್ಕನಿಗೂ ಕೇಳಿಸತೊಡಗಿತ್ತು. ಕಾಗದದಿಂದ ಅಪ್ಪನ ಪದ್ಯ ಕೇಳಿಸುತ್ತಿತ್ತು.

“ನೋಡೇ,” ಅಂದಳು ಅಮ್ಮ. ದನಿ ಹುಡುಗಿಯ ದನಿಯ ಹಾಗಾಗಿತ್ತು. “ಪದ್ಯ ಮುಗಿಸಿ ಅವರು ನಿಲ್ಲೋ ಜಾಗ. ನಲವತ್ತು ವರ್ಷ ಈ ಮಂಟಪದಲ್ಲಿ ಕೂತು ಕೇಳಿದೀನಿ, ನನಗೆ ಗೊತ್ತಾಗಲ್ವಾ? ಪ್ರತಿ ಸಾಲಿನ ಮೊದಲನೇ ಗಿಡ ನೋಡು, ಏನೂ ಆಗಿಲ್ಲ. ಅಲ್ಲಿ ಅವರಿನ್ನೂ ನಿಂತಿಲ್ಲ.”

“ಅಮ್ಮ…”

“ಓಡಾಡ್ತಿದ್ದಾರೆ ಕಣೇ. ಬಿಟ್ಟುಹೋಗೋಕೆ ಮನಸ್ಸಾಗಿಲ್ಲ. ನಿಂತಲ್ಲಿ ಗಿಡದ ಮೇಲೆ ಕೈ ಇಡ್ತಾರೆ. ಪಾಪ, ಆ ಕೈನ ಈಗ ಗಿಡ ತಡೆಯಲ್ಲ.”

ಕಿವಿಯಕ್ಕನ ತೋಳಿನ ಕೂದಲು ನಿಮಿರಿ ನಿಂತವು. ಮತ್ತೊಂದು ಸಾಲಿನ ಮೇಲೆ ತಾನೇ ಬೆರಳಿಟ್ಟು ಎಣಿಸಿದಳು. ಲೆಕ್ಕ ಸರಿಯಾಗಿತ್ತು.

ಅಂದಿನಿಂದ ಅಮ್ಮ ಬದಲಾದಳು. ತಲೆ ಬಾಚಿಕೊಂಡಳು. ಬೆಳಿಗ್ಗೆ ಮಂಟಪದಲ್ಲಿ ಎರಡು ಲೋಟ ಟೀ ಇಟ್ಟುಕೊಂಡು ಕೂರತೊಡಗಿದಳು. ಆರಿದ ಲೋಟವನ್ನು ಸ್ವಲ್ಪ ಹೊತ್ತಾದ ಮೇಲೆ ತಾನೇ ಕುಡಿಯುತ್ತಿದ್ದಳು. ಹೊಸದೊಂದು ಗಿಡ ಬಾಡಿತೆಂದರೆ “ಎಷ್ಟನೇದು?” ಎಂದು ಕೇಳುವಳು. “ಮೂವತ್ತೊಂದು” ಎಂದರೆ ಸಮಾಧಾನವಾಗಿ ಕಣ್ಣು ಮುಚ್ಚುವಳು.

“ನಿಮ್ಮಮ್ಮನ ಮುಖದಲ್ಲಿ ಎಷ್ಟು ಕಳೆ ಬಂದಿದೆ!” ಅಂದಳು ದಾರದಜ್ಜಿ. “ಏನು ಔಷಧಿ ಕೊಟ್ಯೇ? ನನಗೂ ಎರಡು ಚಮಚ ಕೊಡು.”

*

ಕಿವಿಯಕ್ಕನಿಗೆ ಮಾತ್ರ ಗಾಜಿನ ಮನೆಗೆ ಕಾಲಿಡುವುದೇ ಕಷ್ಟವಾಯಿತು.

ಹಗಲೇ ಹೆದರಿಕೆ. ಒಳಗೆ ಬೆಳಕಿಗೇನೂ ಕೊರತೆಯಿಲ್ಲ, ಮರೆಯೆನ್ನುವುದೇ ಇಲ್ಲ. ಆದರೂ ಆ ಬೆಳಕಿನಲ್ಲೇ ಯಾರೋ ಇದ್ದರು. ಅವಳು ಪಾದ ಹೇಳಿದರೆ ಗಾಜಿಗೆ ಬಡಿದು ಅದೇ ಪಾದ ಅರ್ಧ ಹೆಜ್ಜೆ ತಡವಾಗಿ ಹಿಂದೆ ಬರುತ್ತಿತ್ತು. ಇಷ್ಟು ವರ್ಷ ಅದು ತನ್ನ ದನಿಯ ಮಾರ್ದನಿ ಎಂದು ಗೊತ್ತಿದ್ದ ಕಿವಿಗೆ ಈಗ ಗೊತ್ತಿಲ್ಲದಾಯಿತು. ಗಾಳಿಯಾಡದ ಹೊತ್ತಿನಲ್ಲಿ ಒಂದೇ ಒಂದು ದಾರ ನಡುಗುತ್ತಿತ್ತು. ಸತ್ತ ಗಿಡ ಕಿತ್ತ ಖಾಲಿಗಳ ಮುಂದೆ ನಿಂತು ಅವುಗಳ ಪಾಲಿನ ಪಾದ ಹೇಳುವಾಗ, ಅಲ್ಲಿ ತಲೆ ಬಗ್ಗಿಸಿ ಕೇಳಿಸಿಕೊಳ್ಳುವವರು ಇದ್ದಾರೆ ಅನ್ನಿಸುತ್ತಿತ್ತು.

ಅವಳು ದೇವರನ್ನು ನಂಬಿದವಳು. ಆ ಪದ್ಯಗಳಲ್ಲಿ ದೇವರ ಹೆಸರು ಬರುವ ಕಡೆ ಅವಳ ಎದೆ ಇಂದಿಗೂ ಮೆತ್ತಗಾಗುತ್ತಿತ್ತು. ಅದೇ ಹೆಸರಿನ ಮುಂದಿನ ಹೆಜ್ಜೆಗೆ ಗಿಡ ಸಾಯುತ್ತಿದೆಯಲ್ಲ, ಇದೆಂಥ ಹರಕೆ, ಇದೆಂಥ ಶಾಪ? ಒಂದು ದಿನ ಹದಿಮೂರನೆಯ ಗಿಡದ ಮುಂದೆ ನಿಂತು “ಅಪ್ಪಾ, ಸಾಕು. ಇನ್ನು ಹೋಗಪ್ಪ,” ಎಂದು ಕೈಮುಗಿದಳು. ಗಿಡ ಸುಮ್ಮನಿತ್ತು. ಅದರ ಕಾಯಿಯ ಮೇಲಿನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಮರುದಿನ ಅವಳ ಗಂಟಲು ಕಟ್ಟಿತು. ದನಿಯೇ ಹೊರಡಲಿಲ್ಲ. ವಾರದ ಕತ್ತರಿಸುವ ಕೆಲಸ ನಿಲ್ಲಿಸುವಂತಿರಲಿಲ್ಲ. ಅಪ್ಪನ ಚಾಕು ಹಿಡಿದು ಮೊದಲ ಸಾಲಿನ ತಲೆಗೆ ಬಂದು, ಡಬ್ಬಿಯಲ್ಲಿ ಅದ್ದಿ, ಪದ್ಯವಿಲ್ಲದೆ ಮೂಕಳಾಗಿ ಕತ್ತರಿಸತೊಡಗಿದಳು. ಒಂದು. ಎರಡು. ಮೂರು. ಮಾರ್ದನಿಯೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಆ ಮನೆ ಅಷ್ಟು ನಿಶ್ಶಬ್ದವಾಗಿತ್ತು. ನಾಲ್ಕು. ಐದು. ಆರು.

ಕಾಲು ತಾನಾಗಿಯೇ ನಿಂತಿತು. ಕೈ ತಾನಾಗಿಯೇ ಮೇಲುಡುಪಿನ ಜೇಬಿಗೆ ಹೋಯಿತು. ಜೇಬಿನಿಂದ ಒಂದು ಎಲೆ ತೆಗೆದು, ಹೆಬ್ಬೆರಳಿನಿಂದ ಅಲಗಿನ ಮೇಲೆ ಜಜ್ಜಿ, ಈ ಬದಿ ಒಮ್ಮೆ ಆ ಬದಿ ಒಮ್ಮೆ ಒರೆಸಿತು.

ಅವಳು ಆ ಕೈಯನ್ನು ನೋಡಿದಳು. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು.

ಟೊಮೇಟೊ ಹಸಿರು ಚಾಕುವಿಗೆ ಅಂಟಿ ಕಪ್ಪು ಮೇಣವಾಗುತ್ತದೆ. ನೀರಿಗೆ ಬಿಡುವುದಿಲ್ಲ. ಗಣಿಕೆ ಎಲೆಯ ರಸಕ್ಕೆ ಬಿಡುತ್ತದೆ, ಅಪ್ಪ ಕಂಡುಕೊಂಡಿದ್ದು. ಪುಟ್ಟ ಕಪ್ಪು ಹಣ್ಣು ಬಿಡುವ ಗಣಿಕೆ, ಬೇಲಿಯಲ್ಲಿ ತಾನಾಗಿ ಹುಟ್ಟುವುದು. ಅದರ ಒಂದು ಗಿಡವನ್ನು ಅಪ್ಪ ಅಡುಗೆಮನೆಯ ಹಿಂಬಾಗಿಲಲ್ಲಿ ಕುಂಡಕ್ಕೆ ಹಾಕಿದ್ದ. ಅಮ್ಮ ನೀರು ಹಾಕುತ್ತಿದ್ದಳು. ಹಣ್ಣುದುರಿ ಅದರದೇ ಸಸಿ ಅದೇ ಕುಂಡದಲ್ಲಿ ಮತ್ತೆ ಮತ್ತೆ ಏಳುತ್ತಿತ್ತು. ದಿನಾ ಕೆಲಸಕ್ಕೆ ಹೊರಡುವಾಗ ಒಂದು ಹಿಡಿ ಎಲೆ ಜೇಬಿಗೆ. ಎಲೆ ಸಾಲದಿದ್ದರೆ ನಡುವೆ ಬಂದು ಅದೇ ಅಂಟು ಕೈಯಲ್ಲಿ ಮತ್ತೊಂದು ಹಿಡಿ. ಅದನ್ನು ಯಾರೂ ಕಳೆ ಅಂದದ್ದಿಲ್ಲ. ಅದು ಅಪ್ಪನ ಗಿಡ. ಮೇಡಂ ಕೇಳಿದಾಗ ಅವಳಿಗೆ ನೆನಪಾಗಲೂ ಇಲ್ಲ. ಉಸಿರಾಡುತ್ತೀವಿ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

ಸಾಲಿನ ತಲೆಯಲ್ಲಿ ಔಷಧಕ್ಕೆ ಅದ್ದಿದ ಚಾಕು ಶುದ್ಧ. ಮೊದಲ ಆರು ಗಿಡಕ್ಕೆ ಏನೂ ಆಗುವುದಿಲ್ಲ. ಆಮೇಲೆ ಎಲೆ. ಆಮೇಲೆ ಏಳನೆಯ ಗಿಡ; ಅಲಗಿನ ರಸವೆಲ್ಲ ಆ ಮೊದಲ ಗಾಯಕ್ಕೇ ಹತ್ತುತ್ತದೆ.

ಅವಳು ಏಳನೆಯ ಗಿಡದ ಮುಂದೆ ನಿಂತಿದ್ದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಓಡಾಡುತ್ತಿದ್ದುದು ಅಪ್ಪನ ಹೆಜ್ಜೆಯೇ, ನಿಲ್ಲುತ್ತಿದ್ದುದು ಅಪ್ಪನ ಉಸಿರೇ, ಆದರೆ ಅವೆಲ್ಲ ಇದ್ದದ್ದು ಅವಳ ಮೈಯಲ್ಲಿ. ಆರು ವರ್ಷ, ನಾಲ್ಕು ಅವನು ಎರಡು ಅವಳು, ಬಾಯಲ್ಲಿ ದೇವರ ಹೆಸರು ಹೇಳಿಕೊಂಡು ಕೈಯಲ್ಲಿ ರೋಗ ಬಿತ್ತುತ್ತ ಬಂದಿದ್ದರು.

ಭೂತ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಭೂತವನ್ನಾದರೆ ಹೋಗು ಎನ್ನಬಹುದು.

*

ಗಣಿಕೆಯ ಎಲೆ, ದಂಟು, ಹಣ್ಣು ಮೂರನ್ನೂ ಮೂರು ಚೀಲದಲ್ಲಿ ಕಟ್ಟಿ ಲ್ಯಾಬಿಗೆ ಕೊಟ್ಟು ಬಂದು ಎಂಟನೆಯ ದಿನ ಮೇಡಂ ಕರೆಸಿದರು. ಬಿಳಿ ಗೋಡೆಯ ಸಣ್ಣ ಕೋಣೆ. ಮೇಜಿನ ಮೇಲೆ ಮುಚ್ಚಳದ ಗಾಜಿನ ತಟ್ಟೆಗಳು. ಪ್ರತಿ ತಟ್ಟೆಯ ತೆಳು ಗಂಜಿಯಂಥ ಹೆಪ್ಪಿನ ಮೇಲೆ ಬೆಣ್ಣೆಯ ಬಣ್ಣದ ದುಂಡು ಹನಿಗಳು.

“ಹಳದಿ,” ಅಂದರು ಮೇಡಂ. “ನಿಮ್ಮ ಟೊಮೇಟೊದಿಂದ ಬಂದಿದ್ದೂ ಇದೇ, ಗಣಿಕೆಯಿಂದ ಬಂದಿದ್ದೂ ಇದೇ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೀನಿ, ಅನುಮಾನ ಇಲ್ಲ.”

“ಗಿಡ ಚೆನ್ನಾಗಿದೆ ಮೇಡಂ. ಒಂದು ಎಲೆಯೂ ಬಾಡಿಲ್ಲ.”

“ಅದಕ್ಕೇ ತಾನೇ ಅದು ಅಲ್ಲಿರೋದು. ಕೊಲ್ಲದೇ ಇರೋ ಮನೇಲಿ ಎಷ್ಟು ದಿನ ಬೇಕಾದ್ರೂ ಇರಬಹುದು.” ಮೇಡಂ ಕನ್ನಡಕ ತೆಗೆದರು. “ಕಳೆ ಇದೆಯಾ ಅಂದಾಗ ಇಲ್ಲ ಅಂದ್ರಲ್ರೀ.”

“ಅದು ಕಳೆ ಅಲ್ಲ ಅಂದ್ಕೊಂಡಿದ್ದೆ.”

“ಮತ್ತೇನು?”

 ಕಿವಿಯಕ್ಕ ತಟ್ಟೆಯನ್ನೇ ನೋಡುತ್ತ ಉಳಿದದ್ದನ್ನೂ ಹೇಳಿದಳು. ಮೊದಲ ಚಿಗುರು ಕತ್ತರಿಸಲು ಕರೆದ ಮನೆಗೆ ಅಪ್ಪ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಗಣಿಕೆಯ ಒಂದು ಸಸಿ ಹಿಡಿದುಕೊಂಡೇ ಹೋಗುತ್ತಿದ್ದ. ‘ಚಾಕು ಒರೆಸೋಕೆ ಬೇಕಾಗುತ್ತೆ, ಹಿಂದುಗಡೆ ನೆಟ್ಕೊಳ್ಳಿ’ ಅನ್ನುತ್ತಿದ್ದ. ಹನ್ನೊಂದು ಮನೆಯ ಹಿಂಬಾಗಿಲಲ್ಲೂ ಇವತ್ತಿಗೂ ಅದು ಹುಲುಸಾಗಿ ಬೆಳೆದು ನಿಂತಿದೆ. ಹನ್ನೊಂದು ಮನೆಯವರೂ ಹಾಗೇ ಒರೆಸುತ್ತಾರೆ. ಅವನು ಹೋದ ಮೇಲೂ ತಪ್ಪದೆ ಒರೆಸುತ್ತಾರೆ, ಅವನ ನೆನಪಿಗೆ.

ಮೇಡಂ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟರು.

“ಪಾಪ, ಅವರಿಗೇನು ಗೊತ್ತಿತ್ತು,” ಅಂದರು ಕೊನೆಗೆ. “ಗಣಿಕೆ ಕಿತ್ತು ಸುಟ್ಟು, ಒರೆಸೋದು ನಿಲ್ಲಿಸಿ, ಗಿಡಗಿಡಕ್ಕೂ ಚಾಕು ಔಷಧಕ್ಕೆ ಅದ್ದಿದ್ರೆ ಬೀಗ ಹಾಕೋದು ತಪ್ಪಿಸಬಹುದು. ಆದ್ರೆ ಹನ್ನೆರಡೂ ಮನೆಯವರಿಗೆ ಹೇಗೆ ಹರಡಿತು ಅಂತ ಪೂರ್ತಿ ಗೊತ್ತಾಗಬೇಕು. ನಾನು ಕಾಗದ ಕಳಿಸ್ಲಾ, ನೀವೇ ಹೇಳ್ತೀರಾ?”

“ನಾನೇ ಹೇಳ್ತೀನಿ.”

“ನೀವು? ಇಷ್ಟು ದಿನದಲ್ಲಿ ನಿಮ್ಮ ಬಾಯಿಂದ ಬಂದಿದ್ದೇ ಇಪ್ಪತ್ತು ಮಾತು.”

“ಕಾಗದದಲ್ಲಿ ಬಂದ್ರೆ ಅಪ್ಪ ಬೇಕಂತ ಮಾಡಿದ ಹಾಗೆ ಕಾಣುತ್ತೆ ಮೇಡಂ.”

*

ರೋಗದ ಮೂಲ ಸಿಕ್ಕಿದೆ, ಮರುದಿನ ಸಂಜೆ ನಾಲ್ಕಕ್ಕೆ ಹನ್ನೊಂದು ಮನೆಯವರೂ ಬರಬೇಕೆಂದು ದಾರದಜ್ಜಿಯ ಕೈಲಿ ಹೇಳಿ ಕಳಿಸಿದಳು. ಮೂಲ ಯಾವುದೆಂದು ಮುದುಕಿಗೆ ಹೇಳಿರಲಿಲ್ಲ. ಹೇಳಿದ್ದರೆ ನಾಲ್ಕು ಗಂಟೆಯ ತನಕ ಕಾಯಬೇಕಾಗಿರಲಿಲ್ಲ.

ಅಮ್ಮನಿಗೆ ಮಾತ್ರ ಬೆಳಿಗ್ಗೆಯೇ ಹೇಳಿದಳು. ತಟ್ಟೆಯ ಹಳದಿ ಹನಿ, ಎಲೆ, ಏಳನೆಯ ಗಿಡ, ಒಂದನ್ನೂ ಬಿಡದೆ.  ಅಮ್ಮ ಎದುರಿಗಿದ್ದ ಎರಡು ಲೋಟದಲ್ಲಿ ಒಂದನ್ನು ಎತ್ತಿ, ಟೀಯನ್ನು ಮೆಟ್ಟಿಲ ಪಕ್ಕದ ಮಣ್ಣಿಗೆ ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿದಳು. ಮಧ್ಯಾಹ್ನದವರೆಗೂ ಹಿಂಬಾಗಿಲಲ್ಲಿ ಕುಂಡದ ಪಕ್ಕ ಕೂತಿದ್ದಳು. ಮಗಳು ಕೈಗವಸು ಹಾಕಿಕೊಂಡು ಗಣಿಕೆಯನ್ನು ಬೇರುಸಹಿತ ಎತ್ತಿ ಚೀಲಕ್ಕೆ ತುಂಬಿದಾಗ, ತಾನೇ ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡಳು. ಅದು ಕಿವಿಯಕ್ಕನಿಗೆ ಅಳುವಿಗಿಂತ ಕಷ್ಟವಾಯಿತು.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಗೇಟಿನ ಸದ್ದಾಯಿತು. ಕೊಳದ ಪಕ್ಕದ ಗಾಜಿನ ಮನೆಯವನು, ಎಲ್ಲರಿಗೂ ಕೊಳದಣ್ಣ, ಹಿಂದೆ ನಾಲ್ಕೈದು ಜನ. ಅಂಗಳದಲ್ಲೇ ಅವನ ದೊಡ್ಡ ಗಂಟಲು ಶುರುವಾಯಿತು. “ಏನು, ಕೈಗುಣದವರ ಮಗಳು ರೋಗದ ಮೂಲ ಹಿಡಿದುಬಿಟ್ಟಳಂತೆ! ನಾನು ಆಗಲೇ ಹೇಳಿರಲಿಲ್ವಾ? ರಕ್ತ ಎಲ್ಲಿ ಹೋಗುತ್ತೆ! ಅತ್ತಿಗೆ, ಎಲ್ಲಿದೀರಿ? ಬನ್ನಿ ಹೊರಗೆ, ಅಣ್ಣನ ಹೆಸರು ಉಳಿಸಿದ್ದಾಳೆ ನಿಮ್ಮ ಮಗಳು!”

ಒಳಗೆ ಕತ್ತಲು ಕೋಣೆಯ ಬಾಗಿಲಲ್ಲಿ ಅಮ್ಮ ಮಗಳ ಮುಂಗೈ ಹಿಡಿದಳು. ಹಿಡಿತ ಬಿಗಿಯಾಗಿತ್ತು.

“ಕಿವಿ. ಒಂದು ಮಾತು ಕೇಳು.”

“ಹೇಳಮ್ಮ.”

“ಗಣಿಕೆಯಿಂದ ಬಂತು ಅಂತ ಹೇಳು. ಕಳೆ ಗಿಡ, ಎಲ್ಲ ಕಡೆ ಹುಟ್ಟುತ್ತೆ, ಅದರಿಂದ ಬಂತು. ಕಿತ್ತು ಸುಡಿ ಅನ್ನು. ಸುಡ್ತಾರೆ. ಅಷ್ಟು ಸಾಕಲ್ವಾ?”

“ಸಾಕಾಗಲ್ಲಮ್ಮ. ಗಣಿಕೆ ಸುಟ್ಟರೆ ಬೇರೆ ಎಲೆ ಹುಡುಕ್ತಾರೆ. ಒರೆಸೋದು ಬಿಡಲ್ಲ. ಕೈಗುಣದವರು ಕಲಿಸಿದ್ದು ಅಂತ ಬಿಡಲ್ಲ.”

“ಔಷಧಕ್ಕೆ ಅದ್ದಿ ಅಂತ ಮೇಡಂ ಹೇಳಿದಾರಲ್ಲ, ಅದನ್ನ ಹೇಳು.”

“ಆರು ವರ್ಷದಿಂದ ಹೇಳ್ತಾನೇ ಇದಾರೆ. ಅದ್ದೋದು ಅದ್ತಾರೆ, ಆಮೇಲೆ ಒರೆಸ್ತಾರೆ. ನಾನು ಮಾಡಿದ್ದೂ ಅದೇ ತಾನೇ?”

ಅಮ್ಮ ಹೊರಗಿನ ದನಿಗಳ ಕಡೆ ಕಿವಿಗೊಟ್ಟಳು. ಕುರ್ಚಿ ಎಳೆಯುವ ಸದ್ದು, ಕೊಳದಣ್ಣನ ನಗು, ಯಾರೋ ಅಪ್ಪನ ಯಾವುದೋ ತಮಾಷೆ ನೆನೆದು ಹೇಳುತ್ತಿದ್ದರು. ಎಲ್ಲರೂ ನಕ್ಕರು.

“ಅವರು ಓಡಾಡ್ತಿದ್ದಾರೆ ಅಂದ್ಕೊಂಡಿದ್ದೆ,” ಅಂದಳು ಅಮ್ಮ, ಬಹಳ ಮೆಲ್ಲಗೆ. “ಹದಿನೆಂಟು ದಿನ ಇದ್ರು ನನ್ನ ಜೊತೆ. ನೀನು ಹೇಳಿದೆ, ಇಲ್ಲ ಅಂತ. ಆಯ್ತು, ಒಪ್ಪಿದೆ. ನೀನು ಗಿಡ ಕಿತ್ತೆ, ನಾನು ಚೀಲ ಹಿಡಿದೆ. ಇನ್ನು ನನಗಿರೋದು ಅವರ ಹೆಸರು ಒಂದೇ ಕಣೇ. ಆ ಜನ ಅಂಗಳಕ್ಕೆ ಬಂದು ಕೈಗುಣದವರ ಮನೆ ಅಂತಾರಲ್ಲ, ಅದೊಂದು. ಅದನ್ನೂ ಇವತ್ತೇ ಕಿತ್ಕೋಬೇಡ. ಚಾಕು ಮಾತು ಎತ್ತಬೇಡ. ಅವರು ಸಸಿ ಕೊಟ್ಟಿದ್ದು ಹೇಳಬೇಡ. ನಾನೇನು ನೂರು ವರ್ಷ ಇರ್ತೀನಾ? ನಾನು ಕಣ್ಣು ಮುಚ್ಚಿದ ಮೇಲೆ ಹೇಳ್ಕೋ. ಅಲ್ಲೀವರೆಗೆ ಸುಮ್ಮನಿರು. ಸುಮ್ಮನಿರೋದು ನಿನಗೇನು ಹೊಸದಾ? ನನ್ನ ಕೈ ಮುಟ್ಟಿ ಹೇಳು, ಇರ್ತೀನಿ ಅಂತ.”

ಕಿವಿಯಕ್ಕ ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಇಲ್ಲಮ್ಮ,” ಅಂದಳು. “ಇರಲ್ಲ.”